ದಾಖಲೆ ಕೋಣೆ ದುರಸ್ತಿ: 148 ಅಡಿ ಕಾಗದ, 7 ರ‍್ಯಾಕ್, ಒಂದು ಮುಕ್ತಾಯದ ದಿನಾಂಕ

ಜಾಗ: ಬೆಂಗಳೂರಿನ ಕೈಗಾರಿಕಾ ವಸಾಹತೊಂದರಲ್ಲಿ ಸುಮಾರು 40 ಜನ ದುಡಿಯುವ, ಯಂತ್ರದ ಬಿಡಿಭಾಗ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. ದಾಖಲೆ ಕೋಣೆ 10 ಅಡಿಗೆ 12 ಅಡಿ. ಒಳಗೆ ಮೂರು ಕಬ್ಬಿಣದ ಬೀರು, ಎರಡು ಮರದ ರ‍್ಯಾಕ್, ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳು, ಕಿಟಕಿ ಪಕ್ಕ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಕೈಯಲ್ಲಿದ್ದ ದೂರು ಒಂದೇ: ಕೇಳಿದ ಕಾಗದ ಸಿಗುವುದಿಲ್ಲ, ಹೊಸದನ್ನು ಇಡಲು ಜಾಗವೂ ಇಲ್ಲ.

ಇಂಥ ಕೋಣೆ ನೋಡಿದ ತಕ್ಷಣ ಎಲ್ಲರ ಬಾಯಲ್ಲಿ ಬರುವುದು ಎರಡು ಮಾತು: ಹೊಸ ರ‍್ಯಾಕ್ ತರಿಸೋಣ, ಇಲ್ಲವೇ ಎಲ್ಲಾ ಸ್ಕ್ಯಾನ್ ಮಾಡಿಸಿಬಿಡೋಣ. ಎರಡನ್ನೂ ಕೊನೆಗೆ ತಳ್ಳಬೇಕು. ಕೋಣೆ ತುಂಬುವುದು ಕಾಗದ ಬರುವುದರಿಂದಲ್ಲ, ಹೋಗದೇ ಇರುವುದರಿಂದ. ಕಡತವನ್ನು ಯಾವತ್ತು ಮುಗಿಸಿದರು ಎಂದು ಅದರ ಮೇಲೆ ಬರೆಯದಿದ್ದರೆ ಅದನ್ನು ಯಾವತ್ತು ತೆಗೆದುಹಾಕಬಹುದು ಎಂದು ಲೆಕ್ಕ ಹಾಕಲು ಆಗುವುದೇ ಇಲ್ಲ. ಇಲ್ಲಿನ ಕಡತಗಳಲ್ಲಿ ಮುಕ್ತಾಯದ ದಿನಾಂಕ ಹತ್ತರಲ್ಲಿ ಒಂದಕ್ಕೂ ಇರಲಿಲ್ಲ.

ಮುಟ್ಟುವ ಮೊದಲು

ಮೊದಲ ದಿನ ಒಂದೂ ಕಡತ ಎತ್ತಲಿಲ್ಲ. ಪ್ರತಿ ಬೀರು, ಪ್ರತಿ ಅಂತಸ್ತಿನ ಫೋಟೋ, ಪ್ರತಿಯೊಂದಕ್ಕೂ ಸೀಮೆಸುಣ್ಣದ ಗುರುತು: ಬೀರು 1 ಅಂತಸ್ತು 3, ಪೆಟ್ಟಿಗೆ 14, ಗಂಟು 6, ಹೀಗೆ. ಕಾರಣ ಇದೆ. ಹಳೆಯ ಗುಮಾಸ್ತರು ಅಕ್ಕಪಕ್ಕ ಇಟ್ಟ ಕಾಗದಗಳಿಗೆ ಸಾಮಾನ್ಯವಾಗಿ ಸಂಬಂಧ ಇರುತ್ತದೆ. ಹೆಸರಿಲ್ಲದ ಕಡತ ಯಾವುದೆಂದು ತಿಳಿಯಲು ಅದರ ಎಡಬಲದಲ್ಲಿ ಏನಿತ್ತು ಎಂಬುದೇ ಎಷ್ಟೋ ಸಲ ಇರುವ ಒಂದೇ ಸುಳಿವು. ‘ಮೊದಲು ಎಲ್ಲಾ ಕೆಳಗಿಳಿಸಿ ವಿಷಯವಾರು ರಾಶಿ ಹಾಕೋಣ’ ಎಂದು ಶುರು ಮಾಡಿದರೆ ಆ ಸುಳಿವು ಅರ್ಧ ಗಂಟೆಯಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಅಳತೆಯನ್ನೂ ಅದೇ ದಿನ ಮಾಡಿದ್ದು. ಕಡತಗಳನ್ನು ಎಣಿಸುವ ಬದಲು ಟೇಪು ಹಿಡಿದು ಅಡಿಯಲ್ಲಿ ಅಳೆಯುವುದು ಸುಲಭ. ಒಟ್ಟು 148 ಅಡಿ. ಒಂದು ಕಡತ ಸರಾಸರಿ ಒಂದೂವರೆ ಇಂಚು ಎಂದು ಹಿಡಿದರೆ 1,180ರ ಆಸುಪಾಸು. ಆಮೇಲೆ ಪಟ್ಟಿಯಾದಾಗ ಸಿಕ್ಕ ನಿಜ ಸಂಖ್ಯೆ 1,207. ರ‍್ಯಾಕ್ ಲೆಕ್ಕಕ್ಕೆ ಅಷ್ಟು ಹತ್ತಿರ ಬಂದರೆ ಸಾಕು.

ಪಟ್ಟಿ: ಎಂಟು ಕಾಲಂ, ಅದಕ್ಕಿಂತ ಹೆಚ್ಚು ಬೇಡ

ಇಬ್ಬರು ಕೂತರು. ಒಬ್ಬರು ಕಡತ ತೆರೆದು ಓದುವುದು, ಇನ್ನೊಬ್ಬರು ಸ್ಪ್ರೆಡ್‌ಶೀಟಿಗೆ ತುಂಬುವುದು. ಕಾಲಂಗಳು: ಕಡತ ಸಂಖ್ಯೆ, ವಿಷಯ ಶೀರ್ಷಿಕೆ, ಮೊದಲ ಕಾಗದದ ದಿನಾಂಕ, ಕೊನೆಯ ಕಾಗದದ ದಿನಾಂಕ, ಮುಕ್ತಾಯದ ದಿನಾಂಕ, ವರ್ಗ, ಇರುವ ಜಾಗ, ಷರಾ. ಹತ್ತನೆಯದೋ ಹನ್ನೆರಡನೆಯದೋ ಕಾಲಂ ಸೇರಿಸಬೇಕೆಂಬ ಆಸೆ ಮೂರನೇ ದಿನ ಬಂದೇ ಬರುತ್ತದೆ. ತಡೆಯಿರಿ. ತುಂಬದೆ ಬಿಟ್ಟ ಕಾಲಂ ಇರುವ ಪಟ್ಟಿಯನ್ನು ಆರು ತಿಂಗಳ ನಂತರ ಯಾರೂ ನಂಬುವುದಿಲ್ಲ. ಒಂದು ಜೋಡಿಗೆ ದಿನಕ್ಕೆ 110ರಿಂದ 130 ಕಡತ ಆಯಿತು, ಒಟ್ಟು ಹತ್ತು ದಿನ.

ಇಲ್ಲಿ ಎರಡು ತಪ್ಪು ನಡೆದವು, ಎರಡೂ ಸಾಮಾನ್ಯ.

ಮೊದಲನೆಯದು ಶೀರ್ಷಿಕೆ. ಒಂದೇ ಬಿಲ್ಲಿನ ಕಡತಕ್ಕೆ ಒಂದು ಕಡೆ ‘ವಿದ್ಯುತ್’, ಇನ್ನೊಂದು ಕಡೆ ‘ಕರೆಂಟ್ ಬಿಲ್’, ಮತ್ತೊಂದು ಕಡೆ ‘ಬೆಸ್ಕಾಂ’ ಎಂದು ಬಿತ್ತು. ಹುಡುಕುವವರು ಒಂದು ಪದ ಹೊಡೆದು, ಸಿಕ್ಕ ಮೂರನೇ ಒಂದು ಭಾಗವನ್ನೇ ಪೂರ್ತಿ ಎಂದುಕೊಳ್ಳುತ್ತಾರೆ. ಪರಿಹಾರ: 60 ಪದಗಳ ಒಂದು ಪುಟದ ಪಟ್ಟಿ, ಶೀರ್ಷಿಕೆಯ ಮೊದಲ ಪದ ಅದರಿಂದಲೇ ಆಗಬೇಕು, ಸ್ಪ್ರೆಡ್‌ಶೀಟಿನಲ್ಲಿ ಆಯ್ಕೆಯ ಕಿಂಡಿಯಾಗಿ ಕೂರಿಸಿ. ಆ ಪಟ್ಟಿಯಲ್ಲಿ ‘ಇತರೆ’ ಎಂಬ ಪದ ಇಡಬೇಡಿ. ಇಟ್ಟಿದ್ದಾಗ ನಾಲ್ಕೇ ದಿನದಲ್ಲಿ ‘ಇತರೆ’ ಎಲ್ಲಕ್ಕಿಂತ ದೊಡ್ಡ ವಿಷಯವಾಗಿ ಕೂತಿತ್ತು.

ಎರಡನೆಯದು ಸಂಖ್ಯೆ. ಮೊದಲ 200 ಕಡತಕ್ಕೆ ಸಂಖ್ಯೆಯೊಳಗೇ ಜಾಗ ಸೇರಿಸಿ ‘ರ‍್ಯಾ2-ಅಂ4-17’ ಎಂಬಂತೆ ಕೊಟ್ಟರು. ನೋಡಲು ಅಚ್ಚುಕಟ್ಟು. ಆದರೆ ಕಡತ ಒಂದು ರ‍್ಯಾಕಿನಿಂದ ಇನ್ನೊಂದಕ್ಕೆ ಸರಿದ ದಿನ ಆ ಸಂಖ್ಯೆ ಸುಳ್ಳು. ಕಡತ ಸಂಖ್ಯೆ ಬೇರೆ, ಜಾಗದ ಸಂಖ್ಯೆ ಬೇರೆ ಇರಬೇಕು. ಮೊದಲನೆಯದು ಹುಟ್ಟಿದ ದಿನ ಕೊಟ್ಟಿದ್ದು ಸಾಯುವವರೆಗೆ ಬದಲಾಗಬಾರದು, ಎರಡನೆಯದು ಎಷ್ಟು ಸಲ ಬೇಕಾದರೂ ಬದಲಾಗಲಿ. 200 ಚೀಟಿ ಕಿತ್ತು ಮತ್ತೆ ಬರೆಯಲು ಒಂದು ದಿನ ಹೋಯಿತು. ಸಂಖ್ಯೆಯನ್ನು ಅಂಟುಚೀಟಿಯ ಮೇಲಷ್ಟೇ ಬರೆದರೆ ಸಾಲದು. ಒಂದು ಮಳೆಗಾಲದ ಥಂಡಿಗೆ ಅಗ್ಗದ ಗೋಂದು ಬಿಡುತ್ತದೆ. ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಇನ್ನೊಮ್ಮೆ ಬರೆಯಿರಿ.

ವರ್ಗ, ಅವಧಿ, ಮತ್ತು ‘ಯಾವತ್ತಿನಿಂದ’

ಅವಧಿಯ ಚೌಕಟ್ಟನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ಐದು ವರ್ಗ ಖಾಸಗಿ ಕಚೇರಿಗೂ ಚೆನ್ನಾಗಿ ಹೊಂದುತ್ತದೆ: ಎ ಶಾಶ್ವತ, ಬಿ 30 ವರ್ಷ, ಸಿ 10 ವರ್ಷ, ಡಿ 5 ವರ್ಷ, ಇ 1 ವರ್ಷ. ಪ್ರತಿ ಬಗೆಯ ಕಾಗದಕ್ಕೂ ಏಳು ವರ್ಷ, ಎಂಟು ವರ್ಷ, ಆರೂವರೆ ವರ್ಷ ಎಂದು ಬೇರೆಬೇರೆ ಇಟ್ಟರೆ ಲೆಕ್ಕ ಹಾಕುವವರೇ ತಪ್ಪುತ್ತಾರೆ. ಕಾನೂನು ಕೇಳುವ ಅವಧಿಯ ಮೇಲಿನ ಮೆಟ್ಟಿಲಿಗೆ ಹತ್ತಿಸಿಬಿಡುವುದು ಒಳ್ಳೆಯದು.

ಲೆಕ್ಕಪುಸ್ತಕಗಳನ್ನೇ ತೆಗೆದುಕೊಳ್ಳಿ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಹಿಂದಿನ ಎಂಟು ಹಣಕಾಸು ವರ್ಷಗಳ ಲೆಕ್ಕ, ಅದಕ್ಕೆ ಆಧಾರವಾದ ವೋಚರ್‌ಗಳ ಸಮೇತ, ಇರಬೇಕು. 2025-26ರಲ್ಲಿ ನಿಂತು ಎಣಿಸಿದರೆ 2017-18ರಿಂದ 2024-25ರವರೆಗೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ನಿನ ಲೆಕ್ಕ ಬೇರೆ: ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ 72 ತಿಂಗಳು. ವರ್ಷ ಮುಗಿದ ದಿನದಿಂದ ಅಲ್ಲ. 2021-22ರ ವಾರ್ಷಿಕ ರಿಟರ್ನಿಗೆ ಕೊನೆಯ ದಿನ 31 ಡಿಸೆಂಬರ್ 2022, ಹಾಗಾಗಿ ಜಿಎಸ್‌ಟಿ ಪ್ರಕಾರ 31 ಡಿಸೆಂಬರ್ 2028ರವರೆಗೆ ಇಡಬೇಕು. ಕಂಪನಿ ಕಾಯ್ದೆ ಪ್ರಕಾರ ಅದೇ ಕಾಗದ 31 ಮಾರ್ಚ್ 2030ರವರೆಗೆ ಇರಬೇಕು. ಎರಡು ಕಾನೂನು ಒಂದೇ ಕಾಗದದ ಮೇಲೆ ಬಿದ್ದರೆ ಉದ್ದದ ಅವಧಿಯನ್ನೇ ಹಿಡಿಯಬೇಕು. ಎರಡನ್ನೂ ಸಿ ವರ್ಗಕ್ಕೆ ಹಾಕಿದರೆ ಗಲಾಟೆಯೇ ಇಲ್ಲ. ಮೇಲ್ಮನವಿ ಬಾಕಿ ಇದ್ದರೆ ಮಾತ್ರ ಬೇರೆ: ಅಂತಿಮ ತೀರ್ಮಾನವಾಗಿ ಒಂದು ವರ್ಷ ಕಳೆಯುವವರೆಗೆ ಆ ಕಾಗದ ಕದಲಬಾರದು.

ಸಭೆಗಳ ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರ್, ಜಮೀನು ಮತ್ತು ಕಟ್ಟಡದ ಪತ್ರಗಳು, ಕಾರ್ಖಾನೆ ನಕ್ಷೆಯ ಮಂಜೂರಾತಿ ಎ ವರ್ಗ. ಇವು ಒಟ್ಟು 148 ಅಡಿಯಲ್ಲಿ 9 ಅಡಿಯಷ್ಟೇ.

ಹೆಚ್ಚು ಚರ್ಚೆಯಾದದ್ದು ನೌಕರರ ಕಡತ. ಕೆಲಸ ಬಿಟ್ಟ ಐದು ವರ್ಷಕ್ಕೆ ತೆಗೆದುಬಿಡೋಣ ಎಂಬ ವಾದ ಇತ್ತು. ಆದರೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ವಯಸ್ಸು 58, ಅರ್ಹ ಸೇವೆ ಕನಿಷ್ಠ 10 ವರ್ಷ. 28ರ ವಯಸ್ಸಿನಲ್ಲಿ ಬಿಟ್ಟು ಹೋದವರು 30 ವರ್ಷದ ಮೇಲೆ ಬಂದು, ಪಿಎಫ್ ದಾಖಲೆಯಲ್ಲಿ ಹೆಸರೋ ಹುಟ್ಟಿದ ದಿನಾಂಕವೋ ಸೇರಿದ ದಿನಾಂಕವೋ ತಪ್ಪಿದೆ, ಜಂಟಿ ಘೋಷಣೆಗೆ (ನೌಕರರೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಸಹಿ ಬೇಕು ಎಂದು ಕೇಳುತ್ತಾರೆ. ಅಂದು ಕಂಪನಿಯ ಬಳಿ ಅರ್ಜಿ, ನೇಮಕಾತಿ ಪತ್ರ, ಅಂತಿಮ ಲೆಕ್ಕದ ಹಾಳೆ ಇಲ್ಲದಿದ್ದರೆ ಸಹಿ ಹಾಕಲು ಆಧಾರವೇ ಇರುವುದಿಲ್ಲ. ಹಾಗಾಗಿ ಬಿ ವರ್ಗ. ಆದರೆ ಇಡೀ ಕಡತವಲ್ಲ. ಸೇವೆ, ವೇತನ, ಗುರುತಿನ ಕಾಗದ ಇಟ್ಟುಕೊಂಡು ರಜೆಚೀಟಿ, ಮುಂಗಡದ ಅರ್ಜಿ, ಆಧಾರ್‌ನ ನಾಲ್ಕನೇ ಜೆರಾಕ್ಸ್, ಮನೆಯವರ ಬ್ಯಾಂಕ್ ಪಾಸ್‌ಬುಕ್ ಪ್ರತಿ ಎಲ್ಲಾ ತೆಗೆದು ಇ ವರ್ಗಕ್ಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಾರಿಯೂ ಅದೇ: ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಕೇಳದಿದ್ದರೆ, ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿ ಅಳಿಸಬೇಕು. ನಾಳೆ ಸ್ಕ್ಯಾನ್ ಆಗುವ ಕಾಗದವನ್ನು ಇವತ್ತೇ ಜಾಲಿಸಿದರೆ ಕೆಲಸ ಕಡಿಮೆ.

ಇನ್ನು ಅವಧಿ ಯಾವತ್ತಿನಿಂದ ಎಂಬುದು. ಲೆಕ್ಕದ ಕಡತಕ್ಕೆ 31 ಮಾರ್ಚ್ ಎಂಬ ಗೆರೆ ಇದೆ. ಉಳಿದವಕ್ಕೆ ಒಂದು ಘಟನೆಯನ್ನು ಗೊತ್ತುಮಾಡಬೇಕು: ನೌಕರರಿಗೆ ಅಂತಿಮ ಲೆಕ್ಕ ಚುಕ್ತಾ ಆದ ದಿನ, ಕರಾರಿಗೆ ಗ್ಯಾರಂಟಿ ಅವಧಿಯೂ ಸೇರಿ ಮುಗಿದ ದಿನ, ಯಂತ್ರಕ್ಕೆ ಅದನ್ನು ಮಾರಿದ ದಿನ, ಮೊಕದ್ದಮೆಗೆ ಮೇಲ್ಮನವಿಯ ಗಡುವು ದಾಟಿದ ದಿನ. ಆ ಘಟನೆ ನಡೆದಾಗ ಕಡತದ ಮೇಲೆ ದಿನಾಂಕ ಬರೆದು ಸಹಿ ಹಾಕುವವರು ಯಾರು ಎಂದೂ ಗೊತ್ತುಮಾಡಿ. ಹಳೆಯ ಕಡತಗಳಿಗೆ ಕೊನೆಯ ಕಾಗದದ ದಿನಾಂಕವನ್ನೇ ಮುಕ್ತಾಯ ಎಂದು ಹಿಡಿದು ಷರಾದಲ್ಲಿ ‘ಅಂದಾಜು’ ಎಂದು ಬರೆದದ್ದು. ಹಾಗೆ ಬರೆಯದೆ ಬಿಟ್ಟರೆ ಅಂದಾಜು ಮುಂದೆ ಸತ್ಯವಾಗಿ ಓಡಾಡುತ್ತದೆ.

ಕೋಣೆ

ಪಟ್ಟಿ ಆಗುವಾಗ ಪಶ್ಚಿಮದ ಗೋಡೆ ಬುಡದಲ್ಲಿ ಬೆರಳು ದಪ್ಪದ ಮಣ್ಣಿನ ಗೆರೆ ಸಿಕ್ಕಿತು, ಮರದ ರ‍್ಯಾಕಿನ ಹಿಂಗಾಲಿನವರೆಗೆ. ಗೆದ್ದಲು. ಕಾಗದದ ಮೇಲೆ ಔಷಧಿ ಹೊಡೆಯಬಾರದು, ಕಲೆ ಬೀಳುತ್ತದೆ, ಗೂಡಿಗೆ ಏನೂ ಆಗುವುದಿಲ್ಲ. ಕೋಣೆ ಖಾಲಿ ಮಾಡಿಸಿ, ಗೋಡೆ ನೆಲ ಸೇರುವ ಕಡೆ ಒಂದೊಂದು ಅಡಿಗೆ ರಂಧ್ರ ಕೊರೆದು ಔಷಧಿ ತುಂಬಿ ಸಿಮೆಂಟ್ ಮುಚ್ಚುವ ಕೆಲಸ, ಕೀಟ ನಿಯಂತ್ರಣದವರದ್ದು. ಮರದ ರ‍್ಯಾಕ್ ಎರಡೂ ಹೊರಗೆ. ನುಸಿಗುಳಿಗೆ ಬಗ್ಗೆ ಒಂದು ಮಾತು: ಅದು ಗೆದ್ದಲನ್ನು ತಡೆಯುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕೂರುವ ಗುಮಾಸ್ತರಿಗೆ ತಲೆನೋವು ತರುತ್ತದೆ.

ಹೊಸದಾಗಿ ತಂದದ್ದು ತೂತು ಪಟ್ಟಿಯ ಕಬ್ಬಿಣದ ರ‍್ಯಾಕ್: 78 ಇಂಚು ಎತ್ತರ, 36 ಅಗಲ, 15 ಆಳ, ಆರು ತಟ್ಟೆ. ಒಂದಕ್ಕೆ 18 ಅಡಿ ಜಾಗ. ತಟ್ಟೆ 22 ಗೇಜಿನದು (ಗೇಜ್ ಹೆಚ್ಚಿದಷ್ಟೂ ತಗಡು ತೆಳು) ಅಗ್ಗ, ಆದರೆ ಕಾಗದಕ್ಕೆ ಬೇಡ. 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ, 500 ಹಾಳೆಗೆ ಎರಡೂವರೆ ಕೆಜಿ, ದಪ್ಪ 5 ಸೆಂಟಿಮೀಟರ್. ಮೂರು ಅಡಿ ತಟ್ಟೆಯನ್ನು ಒತ್ತಾಗಿ ತುಂಬಿದರೆ 45 ಕೆಜಿ ಬರುತ್ತದೆ, 22 ಗೇಜ್ ನಡುವೆ ಬಾಗುತ್ತದೆ. 20 ಗೇಜ್, ಅಡಿಯಲ್ಲಿ ಒಂದು ಅಡ್ಡಪಟ್ಟಿ ಇರುವುದನ್ನು ತನ್ನಿ. ತಟ್ಟೆಗಳ ನಡುವೆ 14 ಇಂಚು ಬಿಡಿ, ಲಿವರ್ ಆರ್ಚ್ ಕಡತ ನಿಲ್ಲಿಸಲು 13 ಬೇಕು. ಕೆಳಗಿನ ತಟ್ಟೆ ನೆಲದಿಂದ 6 ಇಂಚು ಮೇಲೆ, ಹಿಂಬದಿ ಗೋಡೆಯಿಂದ 4 ಇಂಚು ಮುಂದೆ. ಗೋಡೆಗೆ ತಾಗಿಸಿದರೆ ಥಂಡಿಯೂ ಬರುತ್ತದೆ, ಮುಂದಿನ ಸಲ ಗೆದ್ದಲು ಬಂದರೆ ಕಾಣುವುದೂ ಇಲ್ಲ.

ಆರ್ದ್ರತೆ ಮಾಪಕವನ್ನು ಬಾಗಿಲಿನ ಬಳಿ ಅಲ್ಲ, ಒಳಮೂಲೆಯಲ್ಲಿ ತೂಗುಹಾಕಿ. 65 ಶೇಕಡಾ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಖಚಿತ. ಎಕ್ಸಾಸ್ಟ್ ಫ್ಯಾನನ್ನು ಮಳೆ ಬೀಳುವಾಗ ಹಾಕಿದರೆ ಹೊರಗಿನ ತೇವವನ್ನೇ ಒಳಗೆ ಎಳೆದುಕೊಂಡಂತೆ. ರಬ್ಬರ್ ಬ್ಯಾಂಡ್, ಸೆಲೋಟೇಪ್, ತುಕ್ಕು ಹಿಡಿದ ಗುಂಡುಸೂಜಿ ಮೂರನ್ನೂ ಕಂಡಲ್ಲಿ ತೆಗೆಯಿರಿ, ಕಟ್ಟಲು ಹತ್ತಿಯ ಲಾಡಿ ಸಾಕು. ಹಳೇ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ನೆನೆದ ಕಾಗದ ಸಿಕ್ಕರೆ 48 ಗಂಟೆಯೊಳಗೆ ಫ್ಯಾನ್ ಗಾಳಿಗೆ ಹರಡಿ, ನಡುವೆ ಒತ್ತುಕಾಗದ ಹಾಕಿ. ಬಿಸಿಲಿಗಿಟ್ಟರೆ ಸುರುಟುತ್ತದೆ. ರಾಶಿ ದೊಡ್ಡದಿದ್ದು ಕೈ ಸಾಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ. ಬೂಷ್ಟು ಅಲ್ಲೇ ನಿಲ್ಲುತ್ತದೆ, ಸಾವಕಾಶವಾಗಿ ಒಂದೊಂದೇ ಒಣಗಿಸಬಹುದು.

ವಿಲೇವಾರಿ

ವರ್ಗ ಕೂತ ಮೇಲೆ ಅವಧಿ ಮುಗಿದದ್ದು ತಾನಾಗಿ ಪಟ್ಟಿಯಾಗಿ ಬಂತು: 52 ಅಡಿ. ನೇರ ಎತ್ತಿ ಎಸೆಯಲಿಲ್ಲ. ಪಟ್ಟಿ ಮೊದಲು ಲೆಕ್ಕ ವಿಭಾಗಕ್ಕೆ, ಆಮೇಲೆ ಸಿಬ್ಬಂದಿ ವಿಭಾಗಕ್ಕೆ, ಕೊನೆಗೆ ವಕೀಲರಿಗೆ. ಮೂವರೂ ತಡೆ ಹಾಕಬಹುದು, ಆದರೆ ಕಾರಣ ಬರೆದು. ‘ಯಾವತ್ತಾದರೂ ಬೇಕಾಗಬಹುದು’ ಎಂಬುದು ಕಾರಣವಲ್ಲ. ಹೀಗೆ ತಡೆ ಬಿದ್ದವು 11 ಕಡತ, ಎಲ್ಲವೂ ಬಾಕಿ ಇರುವ ಒಂದು ತಕರಾರಿನವು. ಅವಕ್ಕೆ ಬೆನ್ನಿನ ಮೇಲೆ ಕೆಂಪು ಚೀಟಿ, ಪಟ್ಟಿಯಲ್ಲಿ ‘ತಡೆ’ ಎಂಬ ಷರಾ.

ಉಳಿದದ್ದು ಛೇದನ ಯಂತ್ರಕ್ಕೆ. ಉದ್ದುದ್ದ ಪಟ್ಟಿ ಕತ್ತರಿಸುವ ಯಂತ್ರ ಸಾಲದು, ಅಡ್ಡಲೂ ಕತ್ತರಿಸುವ ಪಿ-4 ದರ್ಜೆಯದು ಬೇಕು. ಗುಜರಿಗೆ ಹಾಕಿದರೆ ಕೆಜಿಗೆ ಒಂದಷ್ಟು ಕಾಸು ಬರುತ್ತದೆ ನಿಜ, ಆದರೆ ಯಾರದೋ ಪ್ಯಾನ್ ನಂಬರು, ಸಂಬಳದ ಚೀಟಿ ಕಡಲೆಕಾಯಿ ಪೊಟ್ಟಣವಾಗಿ ಬೀದಿಗೆ ಬರುತ್ತದೆ. ವಿಲೇವಾರಿ ವಹಿಯಲ್ಲಿ ಕಡತ ಸಂಖ್ಯೆ, ಶೀರ್ಷಿಕೆ, ವರ್ಗ, ದಿನಾಂಕ, ಇಬ್ಬರ ಸಹಿ. ಆ ವಹಿ ಎ ವರ್ಗ. ಮುಂದೆ ಯಾರಾದರೂ ‘ಆ ಕಡತ ಎಲ್ಲಿ’ ಎಂದಾಗ ನಿಯಮದಂತೆ ನಾಶ ಮಾಡಿದ್ದಕ್ಕೂ ಕಳೆದುಹಾಕಿದ್ದಕ್ಕೂ ಇರುವ ವ್ಯತ್ಯಾಸ ಆ ಒಂದು ಸಾಲು.

ಉಳಿದ ಸುಮಾರು 96 ಅಡಿಗೆ ಏಳು ರ‍್ಯಾಕ್, 126 ಅಡಿ. ಎರಡು ಉದ್ದಗೋಡೆಗೆ ಮೂರು ಮೂರು, ಒಳಗೋಡೆಗೆ ಒಂದು. ಕಾಲು ಭಾಗ ಖಾಲಿ ಬಿಟ್ಟದ್ದು ಬೇಕೆಂದೇ. ಪಟ್ಟಿಗೆ ಮುಂಚೆ ರ‍್ಯಾಕ್ ತಂದಿದ್ದರೆ ಒಂಬತ್ತು ತರುತ್ತಿದ್ದರು, ಹತ್ತನೆಯದಕ್ಕೆ ಜಾಗ ಹುಡುಕುತ್ತಿದ್ದರು.

ಸ್ಕ್ಯಾನ್

ಎಲ್ಲವನ್ನೂ ಸ್ಕ್ಯಾನ್ ಮಾಡುವ ಲೆಕ್ಕ: 96 ಅಡಿ ಎಂದರೆ ಸುಮಾರು ಎರಡು ಲಕ್ಷ ಹಾಳೆ. ಯಂತ್ರದ ಮೇಲೆ ನಿಮಿಷಕ್ಕೆ 40 ಎಂದು ಬರೆದಿದ್ದರೂ ಪಿನ್ನು ಕಿತ್ತು, ಮಡಿಕೆ ಬಿಡಿಸಿ, ಹೆಸರು ಕೊಟ್ಟು, ತಾಳೆ ನೋಡಿದರೆ ಗಂಟೆಗೆ 250. ಅಂದರೆ 800 ಗಂಟೆ, ನೂರು ಕೆಲಸದ ದಿನ. ಅದರಲ್ಲಿ ಬಹುಪಾಲು ಐದಾರು ವರ್ಷಕ್ಕೆ ನಾಶವಾಗುವ ಕಾಗದ. ಆದ್ದರಿಂದ ಸ್ಕ್ಯಾನ್ ಮಾಡಿದ್ದು ಎ ವರ್ಗ ಮತ್ತು ನೌಕರರ ಕಡತ ಮಾತ್ರ.

300 ಡಿಪಿಐ, ಬಣ್ಣದಲ್ಲಿ. ಕಪ್ಪುಬಿಳುಪಿನಲ್ಲಿ ಮಾಡಿದ ಮೊದಲ ಕಟ್ಟಿನಲ್ಲಿ ನೇರಳೆ ಮೊಹರು ಮಸುಕಾಯಿತು, ಪೆನ್ಸಿಲಿನ ಷರಾ ಮಾಯವಾಯಿತು. ಮತ್ತೆ ಮಾಡಬೇಕಾಯಿತು. ಉಳಿಸುವುದು ಪಿಡಿಎಫ್/ಎ ರೂಪದಲ್ಲಿ, ಅದು ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್. ಪ್ರತಿ ಕಡತದ ಹಾಳೆಗಳನ್ನು ಮೊದಲೇ ಎಣಿಸಿ ಬರೆದು, ಪಿಡಿಎಫ್ ಪುಟಗಳ ಜೊತೆ ತಾಳೆ ನೋಡಿ. ಎರಡು ಹಾಳೆ ಒಟ್ಟಿಗೆ ಒಳಹೋಗುವುದು ಈ ಕೆಲಸದ ಅತಿ ಸಾಮಾನ್ಯ ದೋಷ. ಹಳೆಯ ಥರ್ಮಲ್ ರಸೀದಿಗಳು ಮೊದಲೇ ಅರ್ಧ ಅಳಿಸಿರುತ್ತವೆ, ಅವಕ್ಕೆ ಸರದಿ ಮೊದಲು.

ಸ್ಕ್ಯಾನ್ ಮುಗಿದ ದಿನವೇ ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಚೂರು ಬದಲಾದರೂ ಇದು ಬದಲಾಗುತ್ತದೆ) ತೆಗೆದು ಪಟ್ಟಿಗೆ ಸೇರಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗ ಇದೆ. ಕೇಸು ಬಿದ್ದ ಮೇಲೆ ತೆಗೆದ ಹ್ಯಾಶ್, ಆವರೆಗೆ ಫೈಲು ಬದಲಾಗಿಲ್ಲ ಎಂದು ಹೇಳಲಾರದು. ಎ ವರ್ಗದ ಮೂಲ ಕಾಗದವನ್ನು ಸ್ಕ್ಯಾನ್ ಆಯಿತೆಂದು ಬಿಸಾಡಬೇಡಿ. 30 ವರ್ಷ ಹಳೆಯ ಪತ್ರವು ಸರಿಯಾದ ವಶದಿಂದ ಬಂದರೆ ಅದರ ಸಹಿ, ಬರಹದ ಬಗ್ಗೆ ನ್ಯಾಯಾಲಯ ಅದೇ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅನುಕೂಲವಾಗಿ ಊಹಿಸಬಹುದು. ಇರಬೇಕಾದ ಜಾಗದಲ್ಲೇ ಇತ್ತು ಎಂದು ತೋರಿಸಲು ಪಟ್ಟಿಯ ‘ಜಾಗ’ ಕಾಲಂ ಮತ್ತು ಚಲನವಲನ ವಹಿ (ಕಡತವನ್ನು ಯಾರು, ಯಾವತ್ತು ಒಯ್ದರು ಎಂದು ಬರೆಯುವ ಪುಸ್ತಕ) ಬೇಕು.

ಫೈಲಿನ ಹೆಸರು ಚಿಕ್ಕದಿರಲಿ: ವರ್ಷ, ವಿಷಯದ ಸಂಕೇತ, ನಾಲ್ಕಂಕಿ ಸಂಖ್ಯೆ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ವಾಕ್ಯದಂಥ ಹೆಸರು ಕೊಟ್ಟರೆ ವಿಂಡೋಸಿನ 260 ಅಕ್ಷರದ ಮಿತಿಗೆ ಸಿಕ್ಕಿ ಬ್ಯಾಕಪ್ ಮಾಡುವಾಗ ಆ ಫೈಲು ಸದ್ದಿಲ್ಲದೆ ಉಳಿದುಬಿಡಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಕ್ಲೌಡಿಗೆ ಸಿಂಕ್ ಆಗುತ್ತಿದೆ ಎಂಬುದು ಬ್ಯಾಕಪ್ ಅಲ್ಲ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಹಳೆಯ ನುಡಿ ಫೈಲುಗಳು

ಇದು ಕನ್ನಡ ಕಚೇರಿಗಳಿಗೇ ಮೀಸಲಾದ ತಲೆಬೇನೆ. 2000ರ ದಶಕದ ಪತ್ರಗಳು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ, ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಇದ್ದು ಕಣ್ಣಿಗೆ ಕನ್ನಡ ಕಂಡರೂ ಹುಡುಕಿದರೆ ಏನೂ ಸಿಗುವುದಿಲ್ಲ. ಕ್ರಮ ಹೀಗಿರಲಿ: ಮೊದಲು ಫಾಂಟ್ ಹಾಕಿದ ಯಂತ್ರದಲ್ಲಿ ತೆರೆದು, ಫಾಂಟ್ ಒಳಸೇರಿಸಿ ಪಿಡಿಎಫ್/ಎ ಮಾಡಿ, ಅದು ನೋಡುವ ಪ್ರತಿ. ಆಮೇಲೆ ಪಠ್ಯವನ್ನು ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿ, ಅದು ಹುಡುಕುವ ಪ್ರತಿ. ಮೂಲ ಫೈಲೂ ಇರಲಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾರುತ್ತವೆ. ನಡುವೆ ಬಂದ ಇಂಗ್ಲಿಷ್ ಪದಗಳೂ ‘ಕನ್ನಡ’ವಾಗಿ ಕೆಡುತ್ತವೆ. ಮೊತ್ತ, ದಿನಾಂಕಗಳನ್ನಂತೂ ಕಣ್ಣಲ್ಲೇ ತಾಳೆ ನೋಡಬೇಕು. ಪಟ್ಟಿಯಲ್ಲಿ ೧೨ ಎಂದೂ 12 ಎಂದೂ ಬೆರೆಸಬೇಡಿ, ಬಹಳಷ್ಟು ತಂತ್ರಾಂಶಗಳ ಹುಡುಕಾಟಕ್ಕೆ ಅವು ಎರಡು ಬೇರೆ ಸಂಖ್ಯೆ.

ಪರೀಕ್ಷೆ

ಕೆಲಸ ಮುಗಿದ ವಾರಕ್ಕೆ ಪಟ್ಟಿ ಮಾಡದ ಮೂರನೆಯವರನ್ನು ಕರೆಸಿ 20 ಕಾಗದ ಕೇಳಿದ್ದು, ಗಡಿಯಾರ ಹಿಡಿದು. ಗುರಿ ಐದು ನಿಮಿಷ. 16 ಸಿಕ್ಕವು. ಎರಡು ಕಡತ ಜಾಗದಲ್ಲಿರಲಿಲ್ಲ: ಯಾರೋ ಮೇಜಿಗೆ ಒಯ್ದಿದ್ದರು, ವಹಿಯಲ್ಲಿ ಬರೆದಿರಲಿಲ್ಲ. ಅಂದಿನಿಂದ ಹಳದಿ ರಟ್ಟಿನ ಚೀಟಿ ಬಂತು. ಕಡತ ತೆಗೆದ ಕಿಂಡಿಯಲ್ಲಿ ಹೆಸರು, ದಿನಾಂಕ ಬರೆದ ಚೀಟಿ ನಿಲ್ಲಿಸಬೇಕು. ವಹಿಗಿಂತ ಇದು ಚೆನ್ನಾಗಿ ನಡೆಯುತ್ತದೆ, ಖಾಲಿ ಕಿಂಡಿ ಕಣ್ಣಿಗೆ ಹೊಡೆಯುತ್ತದಲ್ಲ. ಮೂರನೆಯದು ಶೀರ್ಷಿಕೆಯ ಎಡವಟ್ಟು, ‘ಬಾಡಿಗೆ’ ಮತ್ತು ‘ಲೀಸ್’ ಎರಡೂ 60 ಪದಗಳ ಪಟ್ಟಿಯಲ್ಲಿ ಉಳಿದುಕೊಂಡಿದ್ದವು. ಒಂದನ್ನು ತೆಗೆದದ್ದಾಯಿತು.

ನಾಲ್ಕನೆಯದು ಒಂದು ಖರೀದಿಯ ಒಪ್ಪಿಗೆ. ಕಾಗದದಲ್ಲಿ ಅದು ಎಂದೂ ಇರಲೇ ಇಲ್ಲ, ವಾಟ್ಸ್ಯಾಪಿನಲ್ಲಿ ‘ಸರಿ, ತಗೊಳ್ಳಿ’ ಎಂದು ಬಂದಿತ್ತು, ಫೋನು ಬದಲಾಗಿ ಹೋಗಿತ್ತು. ಈಗಿನ ಏರ್ಪಾಡು: ಫೋನಿನಲ್ಲಿ ಬಂದ ಒಪ್ಪಿಗೆಯನ್ನು ಅದೇ ದಿನ ಕಚೇರಿಯ ಇಮೇಲಿಗೆ ಕಳಿಸಿ ಖರೀದಿ ಆದೇಶದ ಸಂಖ್ಯೆ ಹಾಕಬೇಕು, ಹಾಕದಿದ್ದರೆ ಲೆಕ್ಕ ವಿಭಾಗ ಬಿಲ್ಲು ಪಾಸು ಮಾಡುವುದಿಲ್ಲ. ಆರಂಭದ ಎರಡು ವಾರದಲ್ಲಿ ಏಳು ಬಿಲ್ಲು ವಾಪಸಾದವು, ಮೂರನೇ ವಾರದಲ್ಲಿ ಒಂದು.